ಕರೆಯದೆ ಒಳಗೆ ಹೋಗುವ ಆಟ

ಆ ಆಟವನ್ನು ಜೇವರ್ಗಿಯಲ್ಲಿ ಯಾರೂ ಮುಗಿಸಲಿಲ್ಲ. ಮುಗಿಸುವ ಸಮೀಪಕ್ಕೆ ಹೋದವಳು ನಮ್ಮ ಅಕ್ಕ ಒಬ್ಬಳೇ. ಅದಕ್ಕೂ ಮೊದಲು ಅವಳು ಕಂಪ್ಯೂಟರ್ ಮುಟ್ಟಿದವಳೇ ಅಲ್ಲ. ನಾನೂ ನನ್ನ ಗೆಳೆಯನೂ ತಿಂಗಳುಗಟ್ಟಲೆ ತಿಣುಕಿದ ಜಾಗಗಳನ್ನು ಅವಳು ಸಲೀಸಾಗಿ ದಾಟಿಬಿಟ್ಟಳು. ಇದು ಹೇಗೆ ಸಾಧ್ಯವಾಯಿತು ಎನ್ನುವ ಪ್ರಶ್ನೆ ಆಗ ನನ್ನ ತಲೆ ತಿಂದಿತು. ಒಂದು ಪ್ರಶ್ನೆ ಹೊಕ್ಕಿತೆಂದರೆ ನನಗೆ ಊಟ ರುಚಿಸುವುದಿಲ್ಲ. ಚಿಕ್ಕವನಿದ್ದಾಗ ಅಪ್ಪನ ರೇಡಿಯೋ ಬಿಚ್ಚಿ, ವಾರ್ತೆ ಓದುವವರು ಎಲ್ಲಿ ಕೂತಿದ್ದಾರೆ ಎಂದು ಹುಡುಕಿ ಒದೆ ತಿಂದವನು ನಾನು.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಗುಲ್ಬರ್ಗಾ–ಬಿಜಾಪುರ ರಸ್ತೆಗೆ ಮುಖ ಮಾಡಿದ ಒಂದೇ ಖೋಲಿಯ ಅಂಗಡಿ ನನ್ನದು. ಒಳಗೆ ಒಂದು ಕಂಪ್ಯೂಟರು, ಒಂದು ಪ್ರಿಂಟರು, ಎರಡು ಕುರ್ಚಿ. ಲಗ್ನಪತ್ರಿಕೆ, ತಹಶೀಲ್ ಕಚೇರಿಗೆ ಕೊಡುವ ಅರ್ಜಿ, ಶಾಲೆಗಳ ಪ್ರಶ್ನೆಪತ್ರಿಕೆ, ಇಂಥವನ್ನು ಟೈಪ್ ಮಾಡಿಕೊಡುತ್ತಿದ್ದೆ. ಲಾರಿ ಹೋದಾಗೆಲ್ಲ ಧೂಳು ನುಗ್ಗುತ್ತಿದ್ದುದರಿಂದ ಶಟರನ್ನು ಅರ್ಧ ಇಳಿಸಿಕೊಂಡೇ ಕೂರುವುದು ರೂಢಿ. ಹಾಗಾಗಿ ಹಾಡಹಗಲಲ್ಲೂ ಒಳಗೆ ಮಬ್ಬು. ಭಯದ ಆಟಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಜೇವರ್ಗಿಯಲ್ಲಿ ಇರಲಿಲ್ಲ.

ಪಕ್ಕದ ಖೋಲಿಯಲ್ಲಿ ನನ್ನ ಗೆಳೆಯ ಟಿ.ವಿ., ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದ. ಮನೆಯಲ್ಲಿ ದಖನಿ ಉರ್ದು, ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ ಆಡುವ ಮನುಷ್ಯ. ಬಿಡಿಭಾಗ ತರಲು ಹೈದರಾಬಾದಿಗೆ ಹೋದವನು ಒಮ್ಮೆ ಒಂದು ಸಿ.ಡಿ. ತಂದ. ಹೊದಿಕೆ ಇಲ್ಲ, ಪುಸ್ತಕ ಇಲ್ಲ. ಮೇಲೆ ಪೆನ್ನಿನಿಂದ ಬರೆದ ಹೆಸರು ಯಾರದೋ ಬೆರಳಿಗೆ ಹತ್ತಿ ಅಳಿಸಿಹೋಗಿತ್ತು. ಆ ಆಟದ ನಿಜವಾದ ಹೆಸರು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಕಥೆ ಇಷ್ಟು. ಭೂಮಿಯಿಂದ ಬಹಳ ದೂರ, ಆಕಾಶದಲ್ಲಿ ಒಂದು ದೊಡ್ಡ ಹಡಗು ನಿಂತುಬಿಟ್ಟಿದೆ. ಅದರಲ್ಲಿದ್ದ ಜನರಿಂದ ಸುದ್ದಿ ಇಲ್ಲ. ಅದನ್ನು ರಿಪೇರಿ ಮಾಡಲು ಒಬ್ಬ ಮೆಕ್ಯಾನಿಕ್ ಒಳಗೆ ಹೋಗುತ್ತಾನೆ. ಆ ಮೆಕ್ಯಾನಿಕ್ಕೇ ನಾವು. ಕೈಯಲ್ಲಿ ಬೆಳಕಿಗೊಂದು ಬ್ಯಾಟರಿ, ಬೆನ್ನಿಗೆ ಉಸಿರಾಡುವ ಗಾಳಿಯ ಡಬ್ಬಿ. ಬಂದೂಕು ಇಲ್ಲ, ಚೂರಿ ಇಲ್ಲ. ಒಳಗೆ ಹೋದ ಮೇಲೆ ಗೊತ್ತಾಗುತ್ತದೆ, ಹಡಗಿನಲ್ಲಿ ಇನ್ನೊಂದು ಏನೋ ಇದೆ. ಅದನ್ನು ಕೊಲ್ಲಲಾಗುವುದಿಲ್ಲ. ಅಡಗಿಕೊಳ್ಳಬಹುದು, ಕಾಯಬಹುದು, ಅಷ್ಟೇ. ಗಾಳಿ ಮುಗಿಯುವುದರೊಳಗೆ ಹಡಗಿನ ಯಂತ್ರಗಳನ್ನು ಒಂದೊಂದಾಗಿ ಚಾಲೂ ಮಾಡಿ ಹೊರಬೀಳಬೇಕು.

ಮೊದಲ ದಿನ ನಾನು ನಕ್ಕೆ. ಗಾಜಿನ ಪೆಟ್ಟಿಗೆಯೊಳಗಿನ ಬೊಂಬೆಗೆ ಅಂಜುವುದೇ? ಆಮೇಲೆ ಆ ಉದ್ದನೆಯ ಕಬ್ಬಿಣದ ಓಣಿಗಳಲ್ಲಿ ನಡೆಯತೊಡಗಿದೆ. ಸ್ಪೀಕರಿನಲ್ಲಿ ಎಲ್ಲೋ ನೀರು ತೊಟ್ಟಿಕ್ಕುವ ಸದ್ದು, ಕೊಳವೆಯಲ್ಲಿ ಗಾಳಿ ಹರಿಯುವ ಸದ್ದು, ನಮ್ಮದೇ ಉಸಿರಿನ ಸದ್ದು. ತಲೆಯ ಮೇಲಿನ ತಗಡಿನ ಮೇಲೆ ಯಾರೋ ಭಾರವಾಗಿ ನಡೆದರು. ನಾನು ನಿಂತೆ. ಅದೂ ನಿಂತಿತು. ಹೊರಗೆ ರಸ್ತೆಯಲ್ಲಿ ಬಾಳೆಹಣ್ಣಿನ ಬಂಡಿಯವನು ಕೂಗುತ್ತಿದ್ದ, ಬಿಸಿಲು ಧಗಧಗ ಉರಿಯುತ್ತಿತ್ತು, ನನ್ನ ಅಂಗೈ ಮಾತ್ರ ತಣ್ಣಗಾಗಿತ್ತು. ಇದು ನನಗೆ ಬಹಳ ವಿಚಿತ್ರ ಎನಿಸಿತು. ಸುಳ್ಳು ಎಂದು ತಲೆಗೆ ಗೊತ್ತಿದೆ, ಅಂಗೈಗೆ ಗೊತ್ತಿಲ್ಲ. ಹಾಗಾದರೆ ಅಂಜಿಕೆ ಮೈಯಲ್ಲಿ ಎಲ್ಲಿ ಕೂತಿರುತ್ತದೆ? ಆ ಕುತೂಹಲಕ್ಕೇ ನಾನು ಮರುದಿನ ಮತ್ತೆ ಆಡಿದೆ.

ಗೆಳೆಯ ಆ ಪ್ರಾಣಿಗೆ 'ಸಾಹೇಬ್ರು' ಎಂದು ಹೆಸರಿಟ್ಟ. ಕಚೇರಿಗೆ ಹೇಳದೆ ಕೇಳದೆ ತಪಾಸಣೆಗೆ ಬರುವ ಸಾಹೇಬರಂತೆ ಅದು ಯಾವ ಹೊತ್ತಿನಲ್ಲಾದರೂ ಬರುತ್ತಿತ್ತು. "ಸಾಹೇಬ್ರು ಬಂದ್ರು ಲೇ, ಓಡು!" ಎಂದು ಅವನು ಕೂಗುವುದು, ನಾನು ಯಾವ ಬಟನ್ ಒತ್ತಬೇಕೆಂದು ತಿಳಿಯದೆ ಎಲ್ಲವನ್ನೂ ಒತ್ತುವುದು, ಪರದೆ ಕೆಂಪಾಗುವುದು. ಕೆಲವೊಮ್ಮೆ ಸಾಹೇಬರು ಬರುವ ಮೊದಲೇ ಕರೆಂಟು ಹೋಗುತ್ತಿತ್ತು. ಆಗ ಇಬ್ಬರೂ ನಿಟ್ಟುಸಿರು ಬಿಟ್ಟು ಚಹಾಕ್ಕೆ ಹೋಗುತ್ತಿದ್ದೆವು. ಲೋಡ್ ಶೆಡ್ಡಿಂಗಿಗೆ ಕೈಮುಗಿದವರು ಇಡೀ ತಾಲೂಕಿನಲ್ಲಿ ನಾವಿಬ್ಬರೇ ಇರಬೇಕು.

ನಾವು ಅಷ್ಟು ಸಲ ಸಾಯಲು ಒಂದು ಕಾರಣವಿತ್ತು, ಅದು ತಿಳಿಯಲು ಬಹಳ ದಿನ ಹಿಡಿಯಿತು. ಕೀಬೋರ್ಡಿನ ಒಂದು ಬಟನ್ ಒತ್ತಿದರೆ ಮೆಕ್ಯಾನಿಕ್ ಇಂಗ್ಲಿಷಿನಲ್ಲಿ "ಯಾರಾದರೂ ಇದ್ದೀರಾ?" ಎಂದು ಕೂಗುತ್ತಿದ್ದ. ನಮಗೆ ಅದು ಬಹಳ ಹಿಡಿಸಿತು. ನಮ್ಮ ಕಡೆ ಯಾರ ಮನೆಗೆ ಹೋದರೂ ಬಾಗಿಲಲ್ಲಿ ನಿಂತು "ಮನ್ಯಾಗ ಯಾರದಾರ್ರಿ?" ಎಂದು ಕರೆಯಬೇಕು. ಮನೆಯ ಗಂಡಸರೇ ಆದರೂ ಹೊಸ್ತಿಲ ಹೊರಗೆ ಒಮ್ಮೆ ಕೆಮ್ಮಿ ಒಳಗೆ ಬರುತ್ತಾರೆ. ಒಳಗಿನ ಹೆಂಗಸರು ಸೆರಗು ಸರಿಮಾಡಿಕೊಳ್ಳಲಿ ಎಂದು. ಕರೆಯದೆ ಒಳಗೆ ಕಾಲಿಡುವವನು ಒಂದೋ ಕಳ್ಳ, ಇಲ್ಲವೇ ತಂದೆತಾಯಿ ಕಲಿಸದವನು. ಹಾಗಾಗಿ ನಾವು ಆ ಹಡಗಿನ ಪ್ರತಿಯೊಂದು ಬಾಗಿಲಲ್ಲೂ ಮರ್ಯಾದಸ್ಥರಂತೆ ನಿಂತು, ಬಟನ್ ಒತ್ತಿ, ಕರೆದು, ಒಳಗೆ ಹೋಗುತ್ತಿದ್ದೆವು. ಆ ಸದ್ದು ಹಿಡಿದೇ ಸಾಹೇಬರು ನಮ್ಮನ್ನು ಹುಡುಕಿಕೊಂಡು ಬರುತ್ತಿದ್ದರು.

ಇದು ಹೊಳೆದ ದಿನ ಗೆಳೆಯ ಹಣೆ ಬಡಿದುಕೊಂಡ. "ನಾವಽ ಕರದು ನಾವಽ ಸಾಯಾಕತ್ತೇವಲ್ಲೋ ಯಾರ್!"

"ಇನ್ನ ಮುಂದ ಕರೀದು ಬ್ಯಾಡ."

"ಕರೀಲಾರ್ದ ಒಳಗ ಹ್ಯಾಂಗ ಹೋಗದು?" ಅವನು ನಿಜವಾಗಿ ಕೇಳಿದ್ದ, ತಮಾಷೆಗಲ್ಲ.

ತಿಳಿದ ಮೇಲೂ ಬಿಡಲಾಗಲಿಲ್ಲ ಎನ್ನುವುದೇ ಸೋಜಿಗ. ಬಾಗಿಲ ಮುಂದೆ ಬಂದ ಕೂಡಲೇ ಬೆರಳು ತಾನಾಗಿ ಆ ಬಟನ್ನಿಗೆ ಹೋಗುತ್ತಿತ್ತು. ಅರ್ಜಿ ಬರೆಸಲು ಬಂದವರು ಹಿಂದೆ ನಿಂತು ನೋಡುತ್ತ, "ಕರೀರಲ್ಲ, ಯಾರರ ಇರಬೌದು" ಎಂದು ಸಲಹೆ ಬೇರೆ ಕೊಡುತ್ತಿದ್ದರು. ಹೀಗೆ ಸತ್ತು ಸತ್ತು ನಮ್ಮ ಮೆಕ್ಯಾನಿಕ್ ಹಡಗಿನ ಮೊದಲ ಅಂತಸ್ತು ದಾಟಲಿಲ್ಲ.

ಅಕ್ಕ ಅಂಗಡಿಗೆ ಬರತೊಡಗಿದ್ದು ಆ ದಿನಗಳಲ್ಲಿ. ಅವಳನ್ನು ಅಫಜಲಪುರಕ್ಕೆ ಕೊಟ್ಟು ಮೂರು ವರ್ಷವಾಗಿತ್ತು. ಯುಗಾದಿಗೆಂದು ತವರಿಗೆ ಬಂದವಳು ತಿರುಗಿ ಹೋಗಲಿಲ್ಲ. ಯಾಕೆ ಎಂದರೆ "ಒಲ್ಲೆ" ಅನ್ನುವಳು. ಏನಾಯಿತು ಎಂದರೆ "ಏನಿಲ್ಲ" ಅನ್ನುವಳು. ಭಾವನದು ಸ್ವಂತ ಮನೆ, ಬಜಾರಿನಲ್ಲಿ ಎಣ್ಣೆ ಅಂಗಡಿ. ಕುಡಿಯುವವನಲ್ಲ, ಇಸ್ಪೀಟು ಮುಟ್ಟುವವನಲ್ಲ, ಲಿಂಗಪೂಜೆ ಮಾಡದೆ ನೀರು ಕುಡಿಯುವವನಲ್ಲ. ಅವನ ಕಡೆಯ ಹಿರಿಯರು ಕಾರಹುಣ್ಣಿಮೆಗೆ ಮೊದಲು ಬಂದು ಕರೆದೊಯ್ಯುವುದಾಗಿ ಹೇಳಿ ಕಳಿಸಿದ್ದರು. ಅಪ್ಪ ತೊಗರಿ ದಲಾಲಿ ಮಾಡುವವನು; ಆಳಂದ, ನಿಂಬರ್ಗಾ, ಅಫಜಲಪುರ ಎಂದು ಅವನ ವ್ಯವಹಾರವೆಲ್ಲ ಮಾತಿನ ಮೇಲೆ ನಿಂತಿದ್ದು. ಅವನು ಅಕ್ಕನನ್ನು ಕೂರಿಸಿಕೊಂಡು ಕೇಳಿದ್ದ: "ಕಾರಣ ಹೇಳವ್ವಾ. ಹೇಳಿದ್ರ ನಾ ನಿನ್ ಕಡಿ ನಿಂದರ್ತೇನಿ. ಕಾರಣಽ ಇಲ್ದ ಮಂದಿಗಿ ಏನ್ ಹೇಳ್ಲಿ?" ಅಕ್ಕ ನೆಲ ನೋಡುತ್ತ ಕೂತಿದ್ದಳು. ಕಾರಣ ಸಿಗದಿದ್ದರೆ ಅವಳು ಹೋಗಲೇಬೇಕು, ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು.

ಮನೆಯಲ್ಲಿ ಬಂದುಹೋಗುವವರ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲು ಅವಳು ಮಧ್ಯಾಹ್ನ ನನಗೆ ರೊಟ್ಟಿ ತರುವ ನೆಪ ಮಾಡಿಕೊಂಡಳು. ಬಂದವಳು ಮೂಲೆಯ ಕುರ್ಚಿಯಲ್ಲಿ ಕೂತು ಆಟ ನೋಡುತ್ತಿದ್ದಳು. ಮದುವೆಗೆ ಮೊದಲು ಓಣಿಯ ತಿರುವಿನಲ್ಲೇ "ಅವ್ವಾ, ಹಸಿವಿ!" ಎಂದು ಕೂಗಿಕೊಂಡು ಬರುತ್ತಿದ್ದ ಹುಡುಗಿ, ಈಗ ಬಂದದ್ದೇ ತಿಳಿಯುತ್ತಿರಲಿಲ್ಲ. ಒಮ್ಮೆ ತಿರುಗಿ ನೋಡಿದರೆ ಹಿಂದೆ ಕೂತಿದ್ದಳು, ನಾನೇ ಬೆಚ್ಚಿದೆ. "ಸಾಹೇಬ್ರಿಗಿಂತ ನೀನಽ ಹೆಚ್ಚಾದೆಲ್ಲ" ಎಂದು ಚೇಷ್ಟೆ ಮಾಡಿದೆ. ಅವಳು ನಗಲಿಲ್ಲ.

ಅವಳು ಕೇಳಿದ ಮೊದಲ ಪ್ರಶ್ನೆ ನಮಗೆ ಹೊಳೆದೇ ಇರಲಿಲ್ಲ. "ಇಲ್ಲಿ ಇದ್ದ ಮಂದಿ ಎಲ್ಲಿ ಹೋದ್ರು?"

"ಸತ್ತಿರ್ಬೇಕು ಆಪಾ," ಎಂದ ಗೆಳೆಯ; ಅಕ್ಕ ಎನ್ನಲು ಅವನದು ಉರ್ದು ಮಾತು.

"ಹಾಸಿಗಿ ಮಡಚ್ಯಾರ ನೋಡ್ರಿ. ಸಾಯೋರು ಹಾಸಿಗಿ ಮಡಚಂಗಿಲ್ಲ. ಎಲ್ಲ್ಯೋ ಅಡಗ್ಯಾರ."

ಅಷ್ಟು ದಿನ ನಾವು ಆ ಹಾಸಿಗೆಗಳ ಪಕ್ಕದಲ್ಲೇ ಓಡಾಡಿದ್ದೆವು, ನೋಡಿರಲಿಲ್ಲ.

ಇನ್ನೊಂದು ದಿನ ನಾನು ಓಣಿಯೊಂದರಲ್ಲಿ ಮುಂದೆ ಹೊರಟಿದ್ದಾಗ ಅವಳು ಮೆಲ್ಲಗೆ, "ತಮ್ಮಾ, ಹೋಗಬ್ಯಾಡ" ಎಂದಳು.

"ಯಾಕ? ಅದು ಹೋತಲ್ಲ. ಸಪ್ಪಳಽ ಇಲ್ಲ."

"ಸಪ್ಪಳ ಹೋಗಿಲ್ಲ. ನಿಂತದ."

ನನಗೆ ವ್ಯತ್ಯಾಸ ತಿಳಿಯಲಿಲ್ಲ. ಹೋದೆ. ಬಾಗಿಲ ಮರೆಯಲ್ಲೇ ಸಾಹೇಬರು ನಿಂತಿದ್ದರು. ಪರದೆ ಕೆಂಪಾಯಿತು. ನಾನು ಕುರ್ಚಿ ಬಿಟ್ಟು ಎದ್ದು, "ನೀನಽ ಆಡು ಬಾ" ಎಂದೆ. ಸಿಟ್ಟಿನಿಂದ ಅಂದದ್ದು. ಅವಳು ಸೆರಗು ಸಿಕ್ಕಿಸಿಕೊಂಡು ಕೂತೇಬಿಟ್ಟಳು.

ಅವಳು ಆಡುವುದನ್ನು ನೋಡುವುದು ನನಗೆ ಆಡುವುದಕ್ಕಿಂತ ದೊಡ್ಡ ಸೋಜಿಗವಾಯಿತು. ಅವಳು ಓಡುತ್ತಿರಲಿಲ್ಲ. ಓಣಿಯ ನಡುವೆ ನಡೆದರೆ ತಗಡು ಸದ್ದು ಮಾಡುತ್ತದೆಂದು ಗೋಡೆಗೆ ಒತ್ತಿಕೊಂಡು ನಡೆಯುತ್ತಿದ್ದಳು. ಹೊಸ ಕೋಣೆ ಬಂದರೆ ನಾವು ಅಲ್ಲೇನು ಸಿಗುತ್ತದೆ ಎಂದು ನೋಡುತ್ತಿದ್ದೆವು. ಅವಳು ಮೊದಲು ಎಲ್ಲಿ ಅಡಗಬಹುದು ಎಂದು ನೋಡುವಳು, ಆಮೇಲೆ ಇನ್ನೊಂದು ಬಾಗಿಲು ಎಲ್ಲಿದೆ ಎಂದು. ಬಾಗಿಲು ತೆರೆಯುವ ಮೊದಲು ಬ್ಯಾಟರಿ ಆರಿಸುವಳು. ದಾಟಿದ ಬಾಗಿಲನ್ನು ನಾವು ಒಳ್ಳೆಯ ಮಕ್ಕಳಂತೆ ಮುಚ್ಚಿ ಮುಂದೆ ಹೋಗುತ್ತಿದ್ದೆವು. ಅವಳು ತೆರೆದೇ ಬಿಡುವಳು, ತಿರುಗಿ ಓಡಲು ಬೇಕಾಗುತ್ತದೆಂದು. ಅಪಾಯ ಹೋಯಿತು ಎಂದು ನಮಗೆ ಅನಿಸಿದ ಮೇಲೂ ಅವಳು ಕಪಾಟಿನೊಳಗೆ ಕಾಯುತ್ತಿದ್ದಳು. "ನಡಿ ಅಕ್ಕಾ, ಗಾಳಿ ಮುಗೀತದ" ಎಂದರೆ, "ಹೋದಂಗ ಮಾಡಿ ನಿಂದರ್ತದ, ತಡಿ" ಎನ್ನುವಳು. ನಿಜವಾಗಿ ಅದು ನಿಂತಿರುತ್ತಿತ್ತು.

ಎಲ್ಲಕ್ಕಿಂತ ಮುಖ್ಯ, ಅವಳು ಯಾವ ಬಾಗಿಲಲ್ಲೂ ಕರೆಯಲಿಲ್ಲ. ಒಮ್ಮೆಯೂ.

ಅವಳ ಮುಖದಲ್ಲಿ ಅಂಜಿಕೆ ಕಾಣುತ್ತಿರಲಿಲ್ಲ. ನಮ್ಮ ಹಾಗೆ ಚೀರುವುದಿಲ್ಲ, ಕುರ್ಚಿಯಿಂದ ಹಾರುವುದಿಲ್ಲ. ಭುಜ ಮಾತ್ರ ಕಿವಿಯ ತನಕ ಏರಿರುತ್ತಿತ್ತು, ಉಸಿರು ಬಹಳ ಸಣ್ಣಗೆ ಓಡುತ್ತಿತ್ತು. ಕರೆಂಟು ಹೋದಾಗ ನಾವು ಖುಷಿಯಿಂದ ಎದ್ದರೆ ಅವಳು ಆರಿದ ಪರದೆಯ ಮುಂದೆ ಸುಮ್ಮನೆ ಕೂತಿರುವಳು. "ಕೂತ್ಗೊಂಡಽ ಇದ್ದಿಯಲ್ಲ" ಎಂದರೆ, "ನನಗ ಲಗೂನ ಹಗುರಾತು ಅಂತ ಅನಸೂದಿಲ್ಲ" ಎಂದಳು ಒಮ್ಮೆ. ನಾನು ಆ ಮಾತಿಗೆ ಆಗ ಕಿವಿಗೊಡಲಿಲ್ಲ. ಅವಳ ಗುಟ್ಟು ಏನೆಂದು ಲೆಕ್ಕ ಹಾಕುವುದರಲ್ಲೇ ಮುಳುಗಿದ್ದೆ.

ನಮ್ಮ ನಡುವೆ ವಾದಗಳಾದವು. ಹೆಂಗಸರ ಕಿವಿ ಚುರುಕು ಎಂದು ಗೆಳೆಯನ ಮತ. ಎಡ ಸ್ಪೀಕರು, ಬಲ ಸ್ಪೀಕರು ಬೇರೆ ಬೇರೆ ಸದ್ದು ಕೊಡುತ್ತವೆ, ಅದನ್ನು ಅವಳು ಹಿಡಿದಿದ್ದಾಳೆ ಎಂದು ನನ್ನದು. ಪರೀಕ್ಷೆ ಮಾಡೋಣ ಎಂದು ಒಂದು ಸ್ಪೀಕರಿನ ವೈರ್ ಕಿತ್ತೆವು. ಅವಳು ಅದೇ ಸಲೀಸಿನಲ್ಲಿ ಆಡಿದಳು. ಗೆಳೆಯ ಪಕ್ಕದ ಅಂಗಡಿಯಲ್ಲಿ ಟೇಪ್ ರೆಕಾರ್ಡರನ್ನು ಜೋರಾಗಿ ಹಚ್ಚಿಬಂದ. ಅವಳು ಸ್ವಲ್ಪ ತಡವರಿಸಿದಳು, ಆದರೂ ಸಾಹೇಬರು ಎಲ್ಲಿಂದ ಬರುತ್ತಾರೆ ಎಂದು ಮೊದಲೇ ಹೇಳಿದಳು. ಚಹಾಕ್ಕೆ ಪಂಥ ಕಟ್ಟಿದ್ದ ಗೆಳೆಯ ಸೋತ. ಮುಖ ಸಣ್ಣದು ಮಾಡಿಕೊಂಡು ಚಹಾ ತರಿಸುತ್ತ, "ಆಪಾ, ನೀವು ಹೋದ ಜನ್ಮದಾಗ ಸಾಹೇಬ್ರಽ ಇದ್ರಿ ಕಾಣ್ತದ" ಎಂದ. ಅಕ್ಕ ಅವತ್ತು ಸ್ವಲ್ಪ ನಕ್ಕಳು.

"ಹ್ಯಾಂಗ ಗೊತ್ತಾಗ್ತದ ಅಕ್ಕಾ, ಖರೇ ಹೇಳು?"

"ಹಂಗಽ ಅನಸ್ತದ."

ಅನಿಸುವುದು ಎಂದರೆ ಏನು? ಅದೂ ಎಲ್ಲಿಂದಲೋ ಬಂದಿರಬೇಕಲ್ಲ! ನನ್ನ ಪ್ರಶ್ನೆ ಅಲ್ಲೇ ನಿಂತಿತು.

ಹಡಗಿನ ಕೊನೆಯ ಅಂತಸ್ತಿನಲ್ಲಿ ಅಡುಗೆಮನೆ ಇತ್ತು. ಅಲ್ಲಿ ಬೀಗ ತೆರೆಯುವ ಒಂದು ಕಾರ್ಡು ಬಿದ್ದಿತ್ತು, ಅದಿಲ್ಲದೆ ಆಟ ಮುಂದೆ ಹೋಗುವುದಿಲ್ಲ. ಸಾಹೇಬರು ಬಹಳ ದೂರದಲ್ಲಿದ್ದರು, ಸದ್ದು ಸಣ್ಣಗೆ ಕೇಳುತ್ತಿತ್ತು. ಒಳಗೆ ಹೋಗಿ ತರುವುದು ಕಷ್ಟವೇನಲ್ಲ. ಅಕ್ಕ ಹೊಸ್ತಿಲ ತನಕ ಹೋಗಿ ನಿಂತಳು. ಬ್ಯಾಟರಿಯನ್ನು ಒಳಗೆ ಒಂದು ಸುತ್ತು ತಿರುಗಿಸಿ ಹಿಂದೆ ಸರಿದಳು.

"ಇದರಾಗ ಬ್ಯಾಡ."

"ಅದು ಎಷ್ಟ್ ದೂರ ಅದ! ಹೋಗಿ ಲಗೂನ ತಗೊಂಡ್ ಬಾ."

"ಒಂದಽ ಬಾಗಲ ಅದ ಇದಕ್ಕ." ಅವಳ ಕೈ ಕೀಬೋರ್ಡಿನ ಮೇಲಿಂದ ಜಾರಿತು. "ಒಲೀ ಕಡಿ ಮುಖ ಮಾಡಿದ್ರ ಬಾಗಲಕ್ಕ ಬೆನ್ನು ಬರ್ತದ. ನಾ ಹೋಗಂಗಿಲ್ಲ."

ಅದು ಆಟದ ಅಡುಗೆಮನೆ. ಅಲ್ಲಿ ಒಲೆಯೇ ಇರಲಿಲ್ಲ, ಬರೀ ಕಬ್ಬಿಣದ ಮೇಜುಗಳು. ನಮ್ಮ ಮನೆಯ ಅಡುಗೆಮನೆಗೆ ಎರಡು ಬಾಗಿಲು, ಒಂದು ಹಿತ್ತಲಿಗೆ ತೆರೆಯುತ್ತದೆ. ಮದುವೆಯ ಮರುದಿನ ಅಕ್ಕನನ್ನು ಬಿಡಲು ಹೋದಾಗ ನಾನು ಅಫಜಲಪುರದ ಅವರ ಮನೆ ನೋಡಿದ್ದೆ. ಒಳಗಿನ ಖೋಲಿ ದಾಟಿ ಇನ್ನೂ ಒಳಗೆ ಅಡುಗೆಮನೆ. ಗೋಡೆಗೆ ಹತ್ತಿದ ಒಲೆ. ಒಂದೇ ಬಾಗಿಲು. ಅದು ಈಗ ನೆನಪಾಯಿತು. ಇಷ್ಟು ದಿನ ನಾನು ಅವಳ ಕಿವಿಯ ಗುಣ ಹುಡುಕುತ್ತಿದ್ದೆ, ಸ್ಪೀಕರಿನ ವೈರು ಕೀಳುತ್ತಿದ್ದೆ.

ಗೆಳೆಯನಿಗೆ ಗಿರಾಕಿ ಬಂದಿದ್ದರು, ಅವನು ಪಕ್ಕಕ್ಕೆ ಹೋಗಿದ್ದ. ನಾನು ಆಟ ನಿಲ್ಲಿಸಿ ಕೇಳಿದೆ, "ಅಕ್ಕಾ, ಭಾವ ಹೊಡೀತಾರೇನು?"

ಅವಳು ಪರದೆ ನೋಡುತ್ತಲೇ ಹೇಳಿದಳು. "ಹೊಡ್ಯೂದು ಕಡಿಮಿ. ಅವ್ರು ಬಂದದ್ದು ಗೊತ್ತಾಗಂಗಿಲ್ಲ. ಅಂಗಡಿಗಿ ಹೋಗ್ತೇನಿ ಅಂತ ಹೋಗ್ತಾರ. ಚಪ್ಪಲಿ ಹೊರಗ ಬಿಟ್ಟು, ಕೆಮ್ಮಲಾರ್ದ, ಕರೀಲಾರ್ದ ತಿರುಗಿ ಬರ್ತಾರ. ಬಾಗಲ ಮರಿಗಿ ನಿಂದರ್ತಾರ. ನಾ ಏನ್ ಮಾಡಾಕತ್ತೇನಿ, ಯಾರ ಸಂಗಟ ಮಾತಾಡಾಕತ್ತೇನಿ ಅಂತ."

"ಆಮ್ಯಾಲ?"

"ಒಮ್ಮೊಮ್ಮಿ ಹಂಗಽ ಹೋಗ್ತಾರ. ಒಮ್ಮೊಮ್ಮಿ ಹಿಂದಿನಿಂದ ಕೂದಲಾ ಹಿಡೀತಾರ. ಯಾವತ್ತು ಯಾವುದು ಅಂತ ಗೊತ್ತಾಗಂಗಿಲ್ಲ ನೋಡು, ಅದಽ ತ್ರಾಸು."

"ಅಪ್ಪಗ ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ? ಗಂಡ ಬಾಗಲದಾಗ ನಿಂದರ್ತಾನ ಅಂತ ಹೇಳ್ಲಿ? ಅವ್ರ ಮನಿ, ಅವ್ರ ಬಾಗಲ. ಹಿರ್ಯಾರು ನಗ್ತಾರ. ಕೂದಲಾ ಹಿಡದ್ರು ಅಂದ್ರ, ಯಾರ ಮನ್ಯಾಗ ಇಲ್ಲದ್ದು ಅಂತಾರ. ಕೈ ಮುರದಿದ್ರ ತೋರಸ್ತಿದ್ದೆ."

ನನಗೆ ಅಳು ಬಂತು, ಸಿಟ್ಟೂ ಬಂತು. ಭಾವನ ಮೇಲಿನ ಸಿಟ್ಟಿಗಿಂತ ಹೆಚ್ಚಾಗಿ ಕಾಡಿದ್ದು ಅವಳ ಮಾತಿನಲ್ಲಿದ್ದ ಸತ್ಯ. ಮೂರು ವರ್ಷ ಅವಳನ್ನು ಹಿಂಡಿದ ಸಂಕಟಕ್ಕೆ ಪಡಸಾಲೆಯಲ್ಲಿ ಹಿರಿಯರ ಮುಂದೆ ಇಡಬಹುದಾದ ಒಂದು ಮಾತೂ ಇರಲಿಲ್ಲ. ಯಾರಾದರೂ ಸುಮ್ಮನೆ ನಿಂತಿರುವುದಕ್ಕೆ ಎಷ್ಟು ಅಂಜಬಹುದು ಎನ್ನುವುದು ಕೇಳಿ ತಿಳಿಯುವಂಥದಲ್ಲ. ನನಗಾದರೂ ತಿಳಿದಿದ್ದು ಯಾಕೆ? ಆ ಹಡಗಿನ ಓಣಿಗಳಲ್ಲಿ ನನ್ನ ಅಂಗೈ ತಣ್ಣಗಾಗಿದ್ದರಿಂದ.

ಮರುದಿನ ಅಕ್ಕ ಬರುವ ಹೊತ್ತಿಗಿಂತ ಮೊದಲೇ ಅಪ್ಪನನ್ನು ಅಂಗಡಿಗೆ ಕರೆದುಕೊಂಡು ಬಂದೆ. ನಿನ್ನ ಕಂಪ್ಯೂಟರಿನಲ್ಲಿ ಅಂಥದ್ದೇನಿದೆ ನೋಡೋಣ ಎಂದು ಅವನೂ ಖುಷಿಯಿಂದಲೇ ಬಂದ. ನನ್ನ ಈ ಕುತೂಹಲದ ಚಟ ಅವನಿಂದಲೇ ಬಂದದ್ದು. ಕುರ್ಚಿಯಲ್ಲಿ ಕೂರಿಸಿ ಬಟನ್ ತೋರಿಸಿದೆ. ಧೋತರದ ಚುಂಗು ಮಡಿಲಲ್ಲಿ ಇಟ್ಟುಕೊಂಡು ಒಂದು ಬೆರಳಿನಿಂದ ನಡೆಸತೊಡಗಿದ. ಮೊದಲ ಬಾಗಿಲಲ್ಲೇ ಕೇಳಿದ, "ಕರಿಯೂದು ಯಾವುದರಾಗ?" ತೋರಿಸಿದೆ. ಕರೆದ, ಸತ್ತ, ಹೊಟ್ಟೆ ಹಿಡಿದುಕೊಂಡು ನಕ್ಕ. ಮತ್ತೆ ಆಡಿದ. ಈ ಸಲ ಕರೆಯಬೇಡ ಎಂದೆ. ಓಣಿಯ ನಡುವಿಗೆ ಬರುವಾಗ ತಲೆಯ ಮೇಲಿನ ಹೆಜ್ಜೆ ಸದ್ದು ನಿಂತಿತು.

ಅಪ್ಪನ ಬೆರಳೂ ನಿಂತಿತು. "ಹೋತೇನು?"

"ಗೊತ್ತಿಲ್ಲಪ್ಪ."

"ಎಲ್ಲಿ ಅದ ಈಗ?"

"ಗೊತ್ತಾಗಂಗಿಲ್ಲ."

ಅವನು ಕಾದ. ಮೇಜಿನ ಕೆಳಗೆ ಅವನ ಪಾದ ಚಪ್ಪಲಿಯಿಂದ ಹೊರಗೆ ಬಂದು ನೆಲ ಒತ್ತಿತು. ಹಣೆಯ ವಿಭೂತಿಯ ಮೇಲೆ ಬೆವರು ಒಡೆಯಿತು. "ಇದೇನ್ ಕರಕರಿ ಲೇ! ಬರೂದಿದ್ರ ಬರ್ಬೇಕು, ಹೋಗೂದಿದ್ರ ಹೋಗ್ಬೇಕು. ಸುಮ್ನ ನಿಂತ್ರ ಮನಷ್ಯಾ ಏನ್ ಮಾಡ್ಬೇಕು?"

"ಅಪ್ಪಾ, ಅಕ್ಕ ಮೂರು ವರ್ಷ ಹಿಂಗಽ ಇದ್ದಾಳ," ಎಂದೆ. ಅವಳು ಹೇಳಿದ್ದನ್ನೆಲ್ಲ ಹೇಳಿದೆ.

ಅಪ್ಪ ಕನ್ನಡಕ ತೆಗೆದು ಒರೆಸಿದ. ನನ್ನ ಕಡೆ ನೋಡಲಿಲ್ಲ. "ಆಟದ ಮಾತು ಆಟದಾಗ ಇರ್ಲಿ," ಎಂದು ಎದ್ದು, ಚಹಾ ಕುಡಿಯದೆ ಶಟರ್ ಕೆಳಗೆ ತಲೆ ಬಗ್ಗಿಸಿ ಹೋದ. ನಾನು ಸೋತೆ ಎಂದುಕೊಂಡೆ.

ಹಿರಿಯರು ಬಂದ ದಿನ ಸೆಕೆ ವಿಪರೀತ. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಅವರ ಕಡೆಯ ನಾಲ್ಕು ಜನ ತಲೆಬಾಗಿಲಿಗೆ ಬೆನ್ನು ಮಾಡಿ ಕೂತಿದ್ದರು. ಎದುರಿಗೆ ಅಪ್ಪ, ಪಕ್ಕದಲ್ಲಿ ನಾನು. ಅಪ್ಪ ಕೂತ ಜಾಗದಿಂದ ಬಲಕ್ಕೆ ತಿರುಗಿದರೆ ಅಡುಗೆಮನೆ ಕಾಣುತ್ತಿತ್ತು. ಅಲ್ಲಿ ಅಕ್ಕ ನಮಗೆ ಬೆನ್ನು ಮಾಡಿ ಪಂಪ್ ಸ್ಟೋವಿನ ಮೇಲೆ ಚಹಾ ಇಟ್ಟಿದ್ದಳು. ಭಾವ ಬಸ್‌ಸ್ಟ್ಯಾಂಡಿನ ಹತ್ತಿರ ಪಾನ್ ಅಂಗಡಿಯಲ್ಲಿ ಉಳಿದಿದ್ದಾನೆ, ಮಾತು ಮುಗಿದ ಮೇಲೆ ಕರೆಸೋಣ ಎಂದಿದ್ದರು. ಮಳೆ, ತೊಗರಿ ಧಾರಣೆ, ಯಡ್ರಾಮಿ ಕಡೆಯ ಯಾರದೋ ಲಗ್ನ ಎಲ್ಲ ಮುಗಿದು ಮಾತು ನಿಜವಾದ ವಿಷಯಕ್ಕೆ ಬಂತು.

"ಹುಡುಗನ ಮ್ಯಾಲ ಏನರ ಕಂಪ್ಲೇಂಟ್ ಅದ ಏನ್ರಿ?" ಹಿರಿಯರೊಬ್ಬರು ಕೇಳಿದರು. "ಇದ್ರ ಹೇಳ್ರಿ, ಇಲ್ಲೇ ಬಗಿಹರಸೋಣು. ಇಲ್ಲಂದ್ರ ನಾಳಿಗಿ ದಿನ ಚಲೋ ಅದ, ಕಳಸ್ರಿ."

ಅಪ್ಪ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಸ್ಟೋವಿನ ಭುಸುಭುಸು ಸದ್ದು ನಿಂತಿತು. ನಾನು ನೋಡಿದೆ, ಅಪ್ಪನೂ ನೋಡುತ್ತಿದ್ದ. ಅಕ್ಕ ಸ್ಟೋವಿನ ಗಾಳಿ ಬಿಟ್ಟು ಆರಿಸಿದ್ದಳು, ಚಹಾ ಇನ್ನೂ ಕುದಿ ಬಂದಿರಲಿಲ್ಲ. ತಲೆ ಒಂದಿಷ್ಟು ಓರೆ ಮಾಡಿ ನಿಂತಳು. ಭುಜ ಕಿವಿಯ ತನಕ ಏರಿತು. ಗೋಡೆಗೆ ಒತ್ತಿಕೊಂಡು ಸದ್ದಿಲ್ಲದೆ ಹಿತ್ತಲ ಬಾಗಿಲು ದಾಟಿ ಹೋದಳು. ಬಾಗಿಲನ್ನು ತೆರೆದೇ ಬಿಟ್ಟಳು.

ಅಪ್ಪ ನಿಧಾನವಾಗಿ ಕಣ್ಣು ತಿರುಗಿಸಿದ. ಹಿರಿಯರ ಬೆನ್ನ ಹಿಂದೆ, ತಲೆಬಾಗಿಲ ಒಳಗಿನ ಕಂಬದ ಅರೆಮರೆಯಲ್ಲಿ ಭಾವ ನಿಂತಿದ್ದ. ಯಾವಾಗ ಬಂದನೋ, ಎಷ್ಟು ಹೊತ್ತಾಯಿತೋ. ಪಡಸಾಲೆಯಲ್ಲಿ ಕೂತ ನಮಗೆ ಯಾರಿಗೂ ಕೇಳಿಸಿರಲಿಲ್ಲ.

ಹಿರಿಯರು ಹೊರಳಿ ನೋಡಿ, "ಅರೆ, ಯಾವಾಗ ಬಂದಿಯೋ?" ಎಂದರು.

"ಈಗ ಬಂದೆ," ಎಂದು ಭಾವ ನಗುತ್ತ ಕೈಮುಗಿದ.

ಅಪ್ಪ ತಿರುಗಿ ಕೈಮುಗಿಯಲಿಲ್ಲ. "ಹುಡುಗಿನ್ನ ಕಳಸಂಗಿಲ್ರಿ," ಎಂದ.

"ಅಲ್ರಿ, ಕಾರಣ ಏನರ ಹೇಳ್ಬೇಕಲ್ರಿ?"

"ಕಾರಣ ಬಾಗಲದಾಗ ನಿಂತದ ನೋಡ್ರಿ."

ಅವರೆಲ್ಲ ನೋಡಿದರು. ಎಣ್ಣೆ ಹಾಕಿ ತಲೆ ಬಾಚಿದ, ಇಸ್ತ್ರಿ ಅಂಗಿ ತೊಟ್ಟ ತಮ್ಮ ಹುಡುಗನಷ್ಟೇ ಅವರಿಗೆ ಕಂಡ. ಅಪ್ಪ ಬಿಡಿಸಿ ಹೇಳಲಿಲ್ಲ. ಅವ್ವನಿಗೆ ಎಲ್ಲರಿಗೂ ಊಟ ಬಡಿಸಲು ಹೇಳಿ ಎದ್ದು ಹಿತ್ತಲಿಗೆ ಹೋದ. ತೊಗರಿ ಕಟ್ಟಿಗೆಯ ಬಣವೆಯ ಹಿಂದೆ ಅಕ್ಕ ಕುಕ್ಕರಗಾಲಲ್ಲಿ ಕೂತು ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು.

"ನೀ ಎಲ್ಲೂ ಹೋಗಂಗಿಲ್ಲ," ಎಂದ ಅಪ್ಪ. "ಏಳವ್ವಾ."

ಅವಳು ಬಾಯಿಂದ ಸೆರಗು ತೆಗೆದಳು. ಆಮೇಲೆ ಅವಳು ಅತ್ತದ್ದು ಪಡಸಾಲೆಗೆ ಕೇಳಿಸಿತು, ಓಣಿಗೆ ಕೇಳಿಸಿತು, ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. ನಾವು ಯಾರೂ ಅವಳಿಗೆ ಸುಮ್ಮನಿರು ಎನ್ನಲಿಲ್ಲ.